ಓದುಗರ ಪ್ರಶ್ನೆ: ಎಂಜಿನ್ ಶುರುವಾದರೆ ರೇಡಿಯೋ ಕರಕರ

ಪ್ರಶ್ನೆ: ಸಾರ್, ನಮ್ಮೂರು ಪಾಂಡವಪುರದ ಹತ್ತಿರ. ನಾನೂ ನಮ್ಮ ಭಾವನೂ ಸೇರಿ ಹಳೇ ಆಲೆಮನೆ ಶೆಡ್ಡಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇವೆ. ಪೈಪಿನ ಚೌಕಟ್ಟು, ಮೇಲೆ ಬಟ್ಟೆ, ರೋಟಾಕ್ಸ್ 912 ಎಂಜಿನ್. ಇನ್ನೂ ಹಾರಿಸಿಲ್ಲ. ಎಂಜಿನ್ ನಿಂತಿದ್ದಾಗ ರೇಡಿಯೋ ಚೆನ್ನಾಗಿ ಕೇಳುತ್ತದೆ. ಶುರು ಮಾಡಿದರೆ ಕರಕರ ಸದ್ದು, ಜೊತೆಗೆ ಕುಯ್ ಅನ್ನುವ ಒಂದು ದನಿ. ಥ್ರಾಟಲ್ ಕೊಟ್ಟಷ್ಟೂ ಅದು ಏರುತ್ತದೆ. ಮಾತಾಡುವ ಬಟನ್ ಒತ್ತಿದರೆ ಪೆಟ್ರೋಲ್ ಗೇಜಿನ ಮುಳ್ಳು ಎಗರುತ್ತದೆ, ಹೆಡ್‌ಸೆಟ್ಟಿನಲ್ಲಿ ನನ್ನ ಮಾತು ನನಗೇ ಒಡೆದು ಕೇಳುತ್ತದೆ. ಆಂಟೆನಾವನ್ನು ಬೆನ್ನಿನ ಬಟ್ಟೆಯ ಮೇಲೆ ಅಂಗೈಯಗಲದ ತಗಡು ಇಟ್ಟು ನಿಲ್ಲಿಸಿದ್ದೇವೆ. ರೇಡಿಯೋ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬದಲಾಯಿಸಬೇಕಾ?

ಉತ್ತರ: ಈಗಲೇ ಬೇಡ. ಎಂಜಿನ್ ನಿಂತಾಗ ಚೆನ್ನಾಗಿ ಕೇಳುತ್ತದೆ ಅಂತ ನೀವೇ ಬರೆದಿದ್ದೀರಲ್ಲ. ಹಾಗಿದ್ದರೆ ತೊಂದರೆ ರೇಡಿಯೋ ಪೆಟ್ಟಿಗೆಯ ಹೊರಗಿದೆ. ನಾನು ವಾಯುಪಡೆಯಲ್ಲಿ ರೇಡಿಯೋ ಫಿಟ್ಟರ್ ಆಗಿದ್ದವನು. ಕೆಟ್ಟಿದೆ ಅಂತ ಬೆಂಚಿಗೆ ಬಂದ ಎಷ್ಟೋ ಸೆಟ್ಟುಗಳು ಬೆಂಚಿನ ಮೇಲೆ ಸರಿಯಾಗೇ ಕೆಲಸ ಮಾಡುತ್ತಿದ್ದವು. ತಪ್ಪು ಇದ್ದದ್ದು ವೈರಿನಲ್ಲಿ, ಅದಕ್ಕಿಂತ ಜಾಸ್ತಿ ಅರ್ತಿನಲ್ಲಿ.

ಕೆಲಸಕ್ಕೆ ಕೈಹಾಕುವ ಮುಂಚೆ ಒಂದು ಮಾತು. ಈ ಎಂಜಿನ್ನಿನ ಇಗ್ನಿಷನ್ ಆಫ್ ಆಗುವುದೇ ಅದರ ವೈರು ಅರ್ತ್ ಆದಾಗ. ಅರ್ತ್ ಬಿಚ್ಚಿಟ್ಟರೆ ಸ್ವಿಚ್ ಆಫ್ ಇದ್ದರೂ ಇಗ್ನಿಷನ್ ಜೀವಂತ. ಆದ್ದರಿಂದ ಪ್ರೊಪೆಲ್ಲರ್ ಮುಂದೆ ಯಾರೂ ನಿಲ್ಲಬೇಡಿ, ಸುಮ್ನೆ ಕೈಯಿಂದ ತಿರುಗಿಸಲೂ ಬೇಡಿ. ಎಂಜಿನ್ ಓಡಿಸುವಾಗ ಚಕ್ರಕ್ಕೆ ಕಟ್ಟೆ ಕೊಟ್ಟು ಬಾಲವನ್ನು ಗಟ್ಟಿಯಾಗಿ ಕಟ್ಟಿ. ಒಬ್ಬರು ಸೀಟಿನಲ್ಲೇ ಇರಬೇಕು.

ಮೊದಲು ಅರ್ತ್ ನೋಡೋಣ. ರೇಡಿಯೋ ಪ್ಲಗ್ ಕಳಚಿ, ಅದರ ಬದಲು ಆ ಎರಡು ವೈರಿಗೆ ಕಾರಿನ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ಹಾಕಿ. 12 ವೋಲ್ಟಿಗೆ ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ರೇಡಿಯೋ ಮಾತಾಡುವಾಗ ಎಳೆಯುವುದೂ ಹೆಚ್ಚುಕಮ್ಮಿ ಅಷ್ಟೇ. ಬಲ್ಬ್ ಉರಿಯುತ್ತಿರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಬಲ್ಬಿನ ಅರ್ತ್ ವೈರಿನ ಮೇಲೆ. ಕಂಬದ ಮೇಲೇ ಇಡಿ, ಕ್ಲ್ಯಾಂಪಿನ ಮೇಲಲ್ಲ. 0.1 ವೋಲ್ಟಿನೊಳಗೆ ಬಂದರೆ ಅರ್ತ್ ಚೆನ್ನಾಗಿದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪುಟ್ಟ ವಿಮಾನಕ್ಕೆ ಈ ಬಲ್ಬ್ ಹಾಕಿದಾಗ ಮೀಟರ್ 1.1 ತೋರಿಸಿತು. ಅಂದರೆ ದಾರಿಯಲ್ಲಿ ಎಲ್ಲೋ 0.6 ಓಮ್ ಕೂತಿದೆ. ಅದರ ಮಾಲೀಕರು ಆಗಲೇ ಎರಡು ರೇಡಿಯೋ ಬದಲಾಯಿಸಿ ಆಗಿತ್ತು. ಕಡ್ಡಿಯನ್ನು ಒಂದೊಂದೇ ಜಾಯಿಂಟಿಗೆ ಸರಿಸುತ್ತಾ ಹೋದೆ. ಸೀಟಿನ ಹಿಂದಿನ ಪೈಪಿಗೆ ಬಂದಾಗ ಸಿಕ್ಕಿತು. ಅರ್ತಿನ ಲಗ್ಗನ್ನು, ಅಂದರೆ ವೈರಿನ ತುದಿಯ ಲೋಹದ ಬಳೆಯನ್ನು, ಬಣ್ಣದ ಮೇಲೇ ಬಿಗಿದಿದ್ದರು. ಬಿಚ್ಚಿ ನೋಡಿದರೆ ಲಗ್ಗಿನ ಕೆಳಗೆ ಹಳದಿ ಪ್ರೈಮರ್ ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಕರೆಂಟ್ ಹರಿಯುತ್ತಿದ್ದದ್ದು ಸ್ಕ್ರೂವಿನ ಸುತ್ತುಗೀರುಗಳ ಮೂಲಕ ಮಾತ್ರ, ಆ ಗೀರುಗಳೂ ಕಪ್ಪಾಗಿದ್ದವು. ಎಮರಿ ಕಾಗದದಲ್ಲಿ ಲಗ್ಗಿನಗಲ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿದೆ. ಹಲ್ಲಿನ ವಾಷರ್ ಹಾಕಿ ಬಿಗಿದೆ. ನೀರು ತಾಗದಂತೆ ಮೇಲೆ ವ್ಯಾಸಲಿನ್ ಸವರಿದೆ. ಮೀಟರ್ 0.04ಕ್ಕೆ ಇಳಿಯಿತು. ಅವರು ತಂದಿದ್ದ ಮೂರೂ ರೇಡಿಯೋ ಚೆನ್ನಾಗೇ ಇದ್ದವು.

ನಿಮ್ಮದರಲ್ಲೂ ಪೈಪನ್ನೇ ಅರ್ತಾಗಿ ಬಳಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಹಾಗಿದ್ದರೆ ರೇಡಿಯೋಗೆ ಬೇರೆಯೇ ಒಂದು ಮೈನಸ್ ವೈರನ್ನು ನೇರ ಬ್ಯಾಟರಿ ತನಕ ಎಳೆಯಿರಿ. ಹೆಡ್‌ಸೆಟ್ ಸಾಕೆಟ್ಟುಗಳೂ ಪೈಪಿಗೆ ಮುಟ್ಟದಂತೆ ಫೈಬರ್ ವಾಷರ್ ಹಾಕಿ ಕೂರಿಸಿ. ಅವು ಎರಡು ಕಡೆ ಅರ್ತ್ ಆದರೆ ಚಾರ್ಜಿಂಗಿನ ಸದ್ದು ನೇರ ಕಿವಿಗೆ ಬರುತ್ತದೆ.

ಈಗ ಸದ್ದು. ನಿಮಗೆ ಕೇಳುತ್ತಿರುವುದು ಒಂದಲ್ಲ, ಎರಡು. ಕರಕರ ಅನ್ನುವುದು ಇಗ್ನಿಷನ್ ಕಿಡಿ. ಕುಯ್ ಅಂತ ಏರುವುದು ಚಾರ್ಜಿಂಗ್. ಎಂಜಿನ್ ಓಡುತ್ತಿರುವಾಗ ರೇಡಿಯೋದ ಹಿಂದಿನ ಆಂಟೆನಾ ಪಿನ್ ಕಳಚಿ ಕೇಳಿ. ಆಗ ಮಾತಾಡುವ ಬಟನ್ ಮಾತ್ರ ಮುಟ್ಟಬೇಡಿ, ರೇಡಿಯೋ ಸುಟ್ಟೀತು. ಸದ್ದು ನಿಂತರೆ ಅದು ಆಂಟೆನಾದಿಂದ ಬರುತ್ತಿತ್ತು. ನಿಲ್ಲದಿದ್ದರೆ ವೈರಿನಿಂದ. ಹಾಗೆ ನಿಲ್ಲದೆ ಉಳಿದ ಸದ್ದಿಗೆ ಇನ್ನೊಂದು ಪರೀಕ್ಷೆ ಇದೆ. ಯುಪಿಎಸ್‌ನಲ್ಲಿ ಇರುತ್ತದಲ್ಲ, 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಅದರಿಂದ ರೇಡಿಯೋಗೆ ಮಾತ್ರ ಕರೆಂಟ್ ಕೊಡಿ. ಆಗ ಕುಯ್ ನಿಂತುಹೋದರೆ ಚಾರ್ಜಿಂಗ್ ಕಡೆ ನೋಡಿ. ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ಮೈ ಚೆನ್ನಾಗಿ ಅರ್ತ್ ಆಗಿದೆಯಾ, ಅದರ ಔಟ್‌ಪುಟ್ಟಿನಲ್ಲಿ 22,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯಾ ನೋಡಿ. ಆ ಕೆಪಾಸಿಟರ್ ಹಾಕಿ ಅಂತ ರೋಟಾಕ್ಸ್‌ನವರೇ ಹೇಳುತ್ತಾರೆ. ಎಂಜಿನ್ ಓಡುವಾಗ ವಿಮಾನದ ದೊಡ್ಡ ಬ್ಯಾಟರಿ ಕಳಚುವುದು ಬೇಡ, ರೆಗ್ಯುಲೇಟರ್ ಹೋಗುತ್ತದೆ.

ಕರಕರಕ್ಕೆ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್‌ಗಳನ್ನು ಅಳೆಯಿರಿ. ನಾಲ್ಕು ಸಿಲಿಂಡರಿಗೆ ಎರಡೆರಡರಂತೆ ಎಂಟು. ಒಂದೊಂದರಲ್ಲೂ 5 ಕಿಲೋ ಓಮ್ ಆಸುಪಾಸು ಬರಬೇಕು. ಏಳು ಒಂದೇ ಥರ ಇದ್ದು ಒಂದು ಮಾತ್ರ ಬೇರೆ ತೋರಿಸಿದರೆ ಅದನ್ನೇ ಮೊದಲು ಬದಲಾಯಿಸಿ.

ಮುಳ್ಳು ಎಗರುವುದು ಬೇರೆಯದೇ ತೊಂದರೆ. ನೀವು ಬಟನ್ ಒತ್ತಿದಾಗ ಆಂಟೆನಾದಿಂದ ಹೊರಗೆ ಹೋಗಬೇಕಾದ ಶಕ್ತಿ ಕಾಕ್‌ಪಿಟ್ಟಿನೊಳಗೆ ಸುತ್ತುತ್ತಿದೆ. ಅದು ನಿಮ್ಮ ಅಂಗೈಯಗಲದ ತಗಡಿನಿಂದ. ಆಂಟೆನಾದ ಬುಡದಲ್ಲಿ ಅಗಲವಾಗಿ ಹರಡಿದ ಲೋಹ ಇರಬೇಕು, ಅದಕ್ಕೆ ನೆಲ ಅನ್ನುತ್ತೇವೆ. ಲೋಹದ ವಿಮಾನದಲ್ಲಿ ಇಡೀ ಮೈಯೇ ಆಂಟೆನಾಗೆ ನೆಲವಾಗುತ್ತದೆ. ಬಟ್ಟೆಯ ವಿಮಾನಕ್ಕೆ ಆ ನೆಲವನ್ನು ನಾವೇ ಮಾಡಿಕೊಡಬೇಕು. ಲೆಕ್ಕ ಸುಲಭ. ವಿಮಾನದ ರೇಡಿಯೋ 118ರಿಂದ 137 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುತ್ತದೆ. ನಡುವಿನ 127 ಇಟ್ಟುಕೊಳ್ಳಿ. 300 ಭಾಗಿಸು 127 ಅಂದರೆ ತರಂಗದ ಉದ್ದ 2.36 ಮೀಟರ್, ಅದರ ಕಾಲುಭಾಗ 59 ಸೆಂಟಿಮೀಟರ್. ಅಷ್ಟುದ್ದದ ನಾಲ್ಕು ತಾಮ್ರದ ಪಟ್ಟಿಗಳನ್ನು ಆಂಟೆನಾ ಬುಡದಿಂದ ಪ್ಲಸ್ ಗುರುತಿನ ಹಾಗೆ ನಾಲ್ಕು ಕಡೆಗೆ ಬಟ್ಟೆಯ ಒಳಗಡೆ ಅಂಟಿಸಿ. ನಾಲ್ಕೂ ತಗಡಿಗೆ ಸೇರಬೇಕು, ರೇಡಿಯೋದಿಂದ ಆಂಟೆನಾಗೆ ಬರುವ ಕೋಆಕ್ಸ್ ಕೇಬಲ್ಲಿನ ಜಾಲರಿಯೂ ಅದೇ ತಗಡಿಗೆ ಸೇರಬೇಕು. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸು ಬರುತ್ತಿದೆ ಅಂತ ತೋರಿಸುವುದು) ಇಟ್ಟು ನೋಡಿದರೆ 2ಕ್ಕಿಂತ ಕಡಿಮೆ ಬರಬೇಕು. 3 ದಾಟಿದ್ದರೆ ಕೇಬಲ್ ತುದಿಯ ಕ್ರಿಂಪನ್ನೂ, ಅಂದರೆ ಒತ್ತಿ ಕೂರಿಸಿದ ಜೋಡಣೆಯನ್ನೂ, ಬಿಚ್ಚಿ ನೋಡಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ಪಿನ್ನಿಗೆ ತಾಗಿದರೂ ಸಾಕು, ಎಲ್ಲ ಕೆಡುತ್ತದೆ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ಒಂದು ಮಾಡಿ, ಅಳೆದು, ಪುಸ್ತಕದಲ್ಲಿ ಬರೆದಿಡಿ. ಬಲ್ಬ್ ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ನನಗೂ ಒಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಮನೆಯಲ್ಲಿ ಎಫ್ಎಂ ಎಷ್ಟು ಸ್ವಚ್ಛವಾಗಿ ಕೇಳುತ್ತದೆ. ವಿಮಾನಗಳು ಇನ್ನೂ ಹಳೇ ಎಎಂ ಯಾಕೆ ಬಳಸುತ್ತವೆ? (ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು)

ಉತ್ತರ: ಒಳ್ಳೇ ಪ್ರಶ್ನೆ ಕಣಮ್ಮ. ಎಎಂನಲ್ಲಿ ಗದ್ದಲ ಜಾಸ್ತಿ, ನಿಜ. ಮಳೆ ದಿನ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಹಾಕಿದರೆ ಪ್ರತಿ ಮಿಂಚಿಗೂ ರೇಡಿಯೋ ಚಟ್ ಅನ್ನುತ್ತದೆ. ಮೇಲಿನ ಪತ್ರದವರಿಗೆ ಕಿಡಿ ಸದ್ದು ಕೇಳುತ್ತಿರುವುದೂ ಅದಕ್ಕೇ. ಆದರೆ ಇಬ್ಬರು ಒಂದೇ ಸಲ ಮಾತಾಡಿದರೆ ಎಫ್ಎಂನಲ್ಲಿ ಜೋರಾದ ದನಿಯೊಂದೇ ಉಳಿಯುತ್ತದೆ, ಸಣ್ಣದು ಮುಚ್ಚಿಹೋಗುತ್ತದೆ. ಎಎಂನಲ್ಲಿ ಎರಡೂ ಸೇರಿ ಕೀಚಲು ಸದ್ದು ಬರುತ್ತದೆ. ಇನ್ನೊಬ್ಬ ಪೈಲಟ್ ಕರೆಯುತ್ತಿದ್ದಾನೆ ಅಂತ ಟವರಿನವರಿಗೆ ಗೊತ್ತಾಗುತ್ತದೆ, ಮತ್ತೆ ಕೇಳುತ್ತಾರೆ.

ಪ್ರಶ್ನೆ: ವಿಮಾನದ ರೇಡಿಯೋ ರಿಪೇರಿ ಮಾಡಿದ ಮೇಲೆ ಮನೆಯಲ್ಲೇ ಮಾತಾಡಿ ಪರೀಕ್ಷಿಸಬಹುದೇ? (ಮದ್ದೂರು)

ಉತ್ತರ: ಗಾಳಿಗೆ ಬಿಡಬೇಡಿ. ಪರವಾನಗಿ ಇಲ್ಲದೆ ಆ ತರಂಗಗಳಲ್ಲಿ ಮಾತಾಡುವ ಹಾಗಿಲ್ಲ. 121.5 ತುರ್ತು ಕರೆಗೆ ಮೀಸಲು, ಅದನ್ನಂತೂ ಮುಟ್ಟಲೇಬೇಡಿ. ಆಂಟೆನಾ ಜಾಗಕ್ಕೆ 50 ಓಮ್ ಡಮ್ಮಿ ಲೋಡ್ ಹಾಕಿ, ಅದು ಶಕ್ತಿಯನ್ನು ಗಾಳಿಗೆ ಬಿಡದೆ ತಾನೇ ನುಂಗುತ್ತದೆ. ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್ ಇಟ್ಟರೆ ನಿಮ್ಮ ದನಿ ಹೇಗಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.