ಅಜ್ಜಿಯ ಮಾತ್ರೆ ಮೊಮ್ಮಗನಿಗೆ ಬೇಡ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಎಂಟು ತಿಂಗಳು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಮೆತ್ತನೆಯ ಗಂಟಿದೆ. ಸ್ಕ್ಯಾನ್ ಮಾಡಿ ಲಿಂಫಾಂಜಿಯೋಮಾ ಎಂದರು. ಪಕ್ಕದ ಮನೆ ಮಗುವಿನ ಕೆನ್ನೆಯ ಕೆಂಪು ಗಂಟು ಪ್ರೊಪ್ರನಲಾಲ್‌ನಿಂದ ಇಳಿಯಿತು. ನಮ್ಮ ಅತ್ತೆ ಕೈನಡುಕಕ್ಕೆ ಅದೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಚೂರು ಮಾಡಿ ಕೊಡಬಹುದಾ? ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಅಂತಲೂ ಅವರು ಹೇಳುತ್ತಾರೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಮಾತ್ರೆ ಡಬ್ಬಿಯನ್ನು ಎತ್ತಿಡಿ, ತಾಯಿ. ಜ್ವರವೋ ವಾಂತಿಯೋ ಬಂದು ಮಗು ಹಾಲು ಬಿಟ್ಟಿದ್ದಾಗ ಇದು ಹೊಟ್ಟೆಗೆ ಹೋದರೆ ರಕ್ತದಲ್ಲಿ ಸಕ್ಕರೆ ಇಳಿದು ಫಿಟ್ಸ್ ಬರಬಹುದು. ಹೃದಯದ ಬಡಿತ ನಿಧಾನವಾಗಬಹುದು, ಉಬ್ಬಸ ಕೆರಳಬಹುದು. ಪಕ್ಕದ ಮನೆ ಮಗುವಿಗೂ ತೂಕ ನೋಡಿ, ಹೃದಯ ಪರೀಕ್ಷಿಸಿಯೇ ಶುರು ಮಾಡಿರುತ್ತಾರೆ.

ಆ ಮಗುವಿನದು ರಕ್ತನಾಳದ ಗಂಟು, ಹೆಮಾಂಜಿಯೋಮಾ. ಅದಕ್ಕೆ ಈ ಔಷಧಿ ಸಿಕ್ಕಿದ್ದೇ ಆಕಸ್ಮಿಕ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಗಂಟಿದ್ದ ಮಗುವಿಗೆ ಸ್ಟೀರಾಯ್ಡ್ ಕೊಟ್ಟು ಹೃದಯಕ್ಕೆ ತೊಂದರೆಯಾಯಿತು. ಹೃದಯಕ್ಕೆಂದು ಪ್ರೊಪ್ರನಲಾಲ್ ಕೊಟ್ಟರು. ಮರುದಿನ ನೋಡಿದರೆ ಗಂಟೇ ಮೆತ್ತಗಾಗಿತ್ತು, ಬಣ್ಣವೂ ಬದಲಾಗಿತ್ತು! ಕ್ರಿಸ್ಟೀನ್ ಲಿಯೋಟೆ-ಲಬ್ರೆಜ್ ಮತ್ತು ಜೊತೆಯವರು 2008ರಲ್ಲಿ ಇದನ್ನು ಪ್ರಕಟಿಸಿದರು.

ನಿಮ್ಮ ಮಗನದು ಬೇರೆ, ದುಗ್ಧನಾಳದ ಗಂಟು. ರಾತ್ರಿ ದೀಪ ಆರಿಸಿ ಗಂಟಿಗೆ ಟಾರ್ಚ್ ಹಿಡಿದು ನೋಡಿ. ಲಾಟೀನಿನ ಗಾಜಿನ ಹಾಗೆ ಬೆಳಗಬಹುದು. ಒಳಗಿರುವುದು ಬಹುಪಾಲು ನೀರು, ಅಂದರೆ ದುಗ್ಧನಾಳಗಳಲ್ಲಿ ಹರಿಯುವ ತಿಳಿ ದ್ರವ, ದುಗ್ಧರಸ (ಲಿಂಫ್). ಹೆಮಾಂಜಿಯೋಮಾದಲ್ಲಿ ಜೀವಕೋಶಗಳು ಭರಭರನೆ ಹೆಚ್ಚುತ್ತವೆ, ಔಷಧಿ ಅದನ್ನು ತಡೆಯುತ್ತದೆ. ಇಲ್ಲಿ ನಾಳವೇ ತಪ್ಪಾಗಿ ಕಟ್ಟಿಕೊಂಡು ಚೀಲವಾಗಿದೆ, ತಡೆಯುವುದಕ್ಕೆ ಅಂಥ ಬೆಳವಣಿಗೆ ಇಲ್ಲ. ಹಾಗಿದ್ದರೂ ಇಂಥ ಗಂಟಿರುವ ಕೆಲವು ಮಕ್ಕಳಿಗೆ ಪ್ರೊಪ್ರನಲಾಲ್ ಕೊಟ್ಟು ನೋಡಿದ್ದಾರೆ. ಒಬ್ಬಿಬ್ಬರಿಗೆ ಗುಣ ಕಂಡಿದೆ, ಬಹಳ ಜನಕ್ಕೆ ಇಲ್ಲ. ನಾನಂತೂ ಅದನ್ನು ಮೊದಲ ಮದ್ದಾಗಿ ಬರೆಯುವುದಿಲ್ಲ.

ದೊಡ್ಡ ಚೀಲವಾದರೆ ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ನೀರು ತೆಗೆದು, ಬ್ಲಿಯೋಮೈಸಿನ್‌ನಂಥ ಔಷಧಿ ಬಿಡುತ್ತಾರೆ. ಗೋಡೆಗಳು ಅಂಟಿಕೊಂಡು ಚೀಲ ಕುಗ್ಗುತ್ತದೆ. ಒಂದೇ ಸಲಕ್ಕೆ ಮುಗಿಯದು, ಎರಡು ಮೂರು ಸಲ ಬೇಕಾದೀತು. ಜೇನುಗೂಡಿನಂತೆ ಸಣ್ಣ ಸಣ್ಣ ಚೀಲಗಳಿದ್ದರೆ ಸಿರೋಲಿಮಸ್ ಎಂಬ ಔಷಧಿ ಕೊಡುವುದುಂಟು, ರಕ್ತಪರೀಕ್ಷೆ ಮಾಡುತ್ತಾ. ಕೆಲವಕ್ಕೆ ಆಪರೇಷನ್. ಮಕ್ಕಳ ಸರ್ಜನ್ ಹತ್ತಿರ ಸ್ಕ್ಯಾನ್ ರಿಪೋರ್ಟ್ ಸಮೇತ ಹೋಗಿ. ನೆಗಡಿಯಾದಾಗ ಗಂಟು ಸ್ವಲ್ಪ ಉಬ್ಬುವುದು ಮಾಮೂಲು. ಆದರೆ ದಿಢೀರನೆ ದೊಡ್ಡದಾದರೆ, ಕೆಂಪಾಗಿ ಜ್ವರ ಬಂದರೆ, ಉಸಿರಾಟದಲ್ಲಿ ಗೊರಗೊರ ಶಬ್ದ ಬಂದರೆ ಅಂದೇ ಆಸ್ಪತ್ರೆಗೆ ಓಡಿ.

ಗ್ರಹಣದ ವಿಷಯ: ಭ್ರೂಣ ಬೆಳೆಯುವಾಗ ಕೆಲವೇ ಜೀವಕೋಶಗಳ ಒಂದು ಜೀನ್‌ನಲ್ಲಿ ಆಗುವ ಬದಲಾವಣೆಯೇ ಹೆಚ್ಚಾಗಿ ಇದಕ್ಕೆ ಕಾರಣ. ನೀವು ನೋಡಿದ್ದರಿಂದ, ತಿಂದದ್ದರಿಂದ ಬಂದದ್ದಲ್ಲ. ಈ ಪುಟವನ್ನು ಅತ್ತೆಯವರಿಗೂ ಓದಿ ಹೇಳಿ.