ಸೇಲಂನಲ್ಲಿ ಚಿತೆ ಎಲ್ಲಿತ್ತು?

ನಮಸ್ಕಾರ. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಪ್ಯೂರಿಟನ್ನರು ಎಂಬ ಕಟ್ಟಾ ಕ್ರೈಸ್ತರು ನಡೆಸಿದ ಮಾಟಗಾತಿಯರ ಬೇಟೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

ನಿಮ್ಮ ಮೊದಲ ಸಾಲು: 'ಧಗಧಗ ಉರಿಯುವ ಚಿತೆಯಲ್ಲಿ 19 ಹೆಣ್ಣುಮಕ್ಕಳು.' ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಗಲ್ಲಿಗೆ ಹಾಕಿದರು. ಆ 19 ಜನರಲ್ಲಿ 5 ಮಂದಿ ಗಂಡಸರು. ಅವರಲ್ಲದೆ ಜೈಲ್ಸ್ ಕೋರಿ ಎಂಬ ಮುದುಕನೊಬ್ಬ ವಿಚಾರಣೆಗೆ ಒಪ್ಪಲಿಲ್ಲ ಅಂತ ಮೈಮೇಲೆ ಕಲ್ಲು ಹೇರಿ ಹೇರಿ ಕೊಂದರು. ಇದು ನಿಮ್ಮ ಚಿತೆಗಿಂತ ಭಯಂಕರ ಅಲ್ವಾ? ಅವನ ಹೆಸರೇ ನಿಮ್ಮಲ್ಲಿಲ್ಲ.

ಆಮೇಲೆ 'ಮೂಢ ಪಾದ್ರಿ ಕಾಟನ್ ಮ್ಯಾದರ್.' ಹಾರ್ವರ್ಡ್‌ನಲ್ಲಿ ಓದಿದವನು ಮೂಢನೇ? 1721ರಲ್ಲಿ ಬಾಸ್ಟನ್‌ಗೆ ಸಿಡುಬು ಬಂದಾಗ, ಊರೆಲ್ಲ ಬೈದರೂ ರೋಗ ತಡೆಯಲು ಸಿಡುಬಿನ ಕೀವನ್ನೇ ಚುಚ್ಚಿಸಿಕೊಳ್ಳಿ ಅಂತ ಹಟ ಹಿಡಿದವನು ಅವನು. ಸೇಲಂಗೆ ಮೊದಲೇ, ಮೈಮೇಲೆ ದೆವ್ವ ಬಂದಿದೆ ಅಂದ ಹುಡುಗಿಯೊಬ್ಬಳನ್ನು ಮನೆಯಲ್ಲೇ ಇಟ್ಟುಕೊಂಡು, ಗಮನಿಸಿ, 1689ರಲ್ಲಿ ಪುಸ್ತಕ ತಂದ. ಆರೋಪಿಯ ರೂಪ ಬಂದು ಕಾಡಿತು ಅನ್ನುವ ಸಾಕ್ಷಿಯನ್ನು ಜಾಸ್ತಿ ನೆಚ್ಚಬೇಡಿ ಅಂತ ನ್ಯಾಯಾಧೀಶರಿಗೆ ಪತ್ರ ಬರೆದವನೂ ಅವನೇ. ಅದೇ 1692ರಲ್ಲಿ ಆ ವಿಚಾರಣೆಗಳನ್ನು ಸಮರ್ಥಿಸಿ ಪುಸ್ತಕ ಬರೆದವನೂ ಅವನೇ. ಇಂಥವನನ್ನು 'ಮೂಢ' ಅಂದು ಮುಗಿಸಿದರೆ, ಓದಿದವರು, ಬರೆಯುವವರು ಇದರಲ್ಲಿ ಹೇಗೆ ಕೈಜೋಡಿಸಿದರು ಅನ್ನೋದು ಓದುಗನಿಗೆ ತಿಳಿಯುವುದೇ ಇಲ್ಲ.

ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ, ಕರಡು ತಿದ್ದುತ್ತಾ. ಅಲ್ಲಿದ್ದ ಹಿರಿಯರು 'ಕ್ರೂರ', 'ಘೋರ' ಕಂಡಲ್ಲೆಲ್ಲ ಅಂಚಿನಲ್ಲಿ 'ಏನಾಯ್ತು ಹೇಳು' ಅಂತ ಗೀಚುತ್ತಿದ್ದರು. ಮಹಾ ಕಿರಿಕಿರಿ ಆಗುತ್ತಿತ್ತು. ಊಟಕ್ಕೂ ಬಿಡದೆ ಕೂರಿಸಿ ಬರೆಸುತ್ತಿದ್ದರು.

ನೀವು 'ರೆಬೆಕ್ಕಾ ನರ್ಸ್‌ಗೆ ಘೋರ ಅನ್ಯಾಯವಾಯಿತು' ಎಂದಿದ್ದೀರಿ. ಏನಾಯ್ತು ಹೇಳಿ. ಆಕೆಗೆ 71 ವರ್ಷ. ಜ್ಯೂರಿ ಮೊದಲು ನಿರಪರಾಧಿ ಅಂದಿತು. ಆಕೆ ಮಾಟ ಮಾಡಿದಳು ಅಂತ ದೂರಿದ್ದ ಹುಡುಗಿಯರು ಚೀರಾಡಿದರು. ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಅಂದರು. ಜ್ಯೂರಿ ಕೇಳಿದ ಒಂದು ಪ್ರಶ್ನೆ ಆಕೆಯ ಮಂದ ಕಿವಿಗೆ ಬೀಳಲಿಲ್ಲ, ಸುಮ್ಮನೆ ನಿಂತಳು. ತೀರ್ಪು ಬದಲಾಯಿತು. ಜುಲೈ 19ಕ್ಕೆ ಗಲ್ಲು.

ಆ ಪುಟವನ್ನು ಹೀಗೆ ಬರೆಯಿರಿ. ಮ್ಯಾದರ್‌ನನ್ನು ಅವನ ಪುಸ್ತಕದಲ್ಲೇ ಓದಿ, ಆ ಭಾಗವನ್ನೂ ಹೊಸದಾಗಿ ಬರೆದು ಕಳಿಸಿ. ಅವಸರವೇನಿಲ್ಲ.