ಜೂಮ್ ಮಾಡಿದರೆ ಸಾಲು ತಪ್ಪುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 67 ವರ್ಷ. ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ ಇದೆ. ಎರಡೂ ಕಣ್ಣಿನಲ್ಲಿ ಮ್ಯಾಕುಲಾ (ಕಣ್ಣಿನ ಒಳಪರದೆಯ ನಡುಭಾಗ) ತೊಂದರೆ ಎಂದು ಡಾಕ್ಟರು ಹೇಳಿದ್ದಾರೆ. ನೇರ ನೋಡಿದ್ದು ಮಸುಕು, ಅಂಚಿನದು ಕಾಣುತ್ತದೆ. ಮಗ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟ ಲ್ಯಾಪ್‌ಟಾಪ್‌ನಲ್ಲಿ (15.6 ಇಂಚು, 1366×768) ತೋಟದ ಲೆಕ್ಕ ಬರೆಯುತ್ತೇನೆ. ಜೂಮ್ ಮಾಡಿದರೆ ಅಕ್ಷರವೇನೋ ಕಾಣುತ್ತದೆ, ಆದರೆ ಯಾವ ಸಾಲಿನಲ್ಲಿದ್ದೇನೆ ಎಂದೇ ಗೊತ್ತಾಗುವುದಿಲ್ಲ. ಹೋದ ತಿಂಗಳು ರಾಶಿ ಅಡಿಕೆಯ ರೇಟನ್ನು ಬೇರೆ ದರ್ಜೆಯ ಅಡಿಕೆಯಾದ ಬೆಟ್ಟೆಯ ಕಾಲಂನಲ್ಲಿ ಹಾಕಿಬಿಟ್ಟೆ. 24 ಇಂಚಿನ ಮಾನಿಟರ್ ತಂದು ಜೋಡಿಸಿದೆ. ಜೂಮ್ ಮಾಡಿದರೆ ಎರಡೂ ಸ್ಕ್ರೀನ್ ಒಟ್ಟಿಗೇ ದೊಡ್ಡದಾಗುತ್ತವೆ! ಒಂದು ಇದ್ದ ಹಾಗೇ ಇದ್ದು, ಇನ್ನೊಂದರಲ್ಲಿ ಮಾತ್ರ ದೊಡ್ಡದಾಗಿ ನೋಡಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು, ಆದರೆ ದೊಡ್ಡದು ಮಾಡಿದಷ್ಟೂ ಕಣ್ಣಿಗೆ ಸಿಗುವ ಜಾಗ ಚಿಕ್ಕದಾಗುತ್ತದೆ ಅಲ್ವಾ, ಅಲ್ಲೇ ಎಡವಟ್ಟು ಆಗುವುದು. ನಮ್ಮ ಅಮ್ಮನಿಗೂ ಇದೇ ತೊಂದರೆ. ಶಿವಮೊಗ್ಗದ ಮನೆಯಲ್ಲಿ ಅವರ ಪಕ್ಕ ಕೂತು ನೋಡಿದ್ದೇನೆ. ಒಂದು ಸಾಲು ಓದಿ ಮುಗಿಸಿ ಎಡಕ್ಕೆ ವಾಪಸ್ ಬರುವಾಗ ಮುಂದಿನ ಸಾಲಿನ ಬದಲು ಅದರ ಕೆಳಗಿನದಕ್ಕೆ ಇಳಿಯುತ್ತಿದ್ದರು, ಮತ್ತೆ ಹುಡುಕುತ್ತಿದ್ದರು, ಆಮೇಲೆ ಬೇಜಾರಾಗಿ ಮುಚ್ಚಿಡುತ್ತಿದ್ದರು.

ನೀವು ಬಳಸಿದ್ದು ಮಿಂಟ್‌ನ ಆಕ್ಸೆಸಿಬಿಲಿಟಿಯಲ್ಲಿರುವ ಡೆಸ್ಕ್‌ಟಾಪ್ ಜೂಮ್ ಇರಬೇಕು, ಆಲ್ಟ್ ಒತ್ತಿ ಮೌಸ್ ಚಕ್ರ ತಿರುಗಿಸುವುದು. ಅದಕ್ಕೆ ಎರಡು ಸ್ಕ್ರೀನ್ ಅಂದರೆ ಒಂದೇ ಉದ್ದದ ಹಲಗೆ. ಹಾಗಾಗಿ ಎರಡನ್ನೂ ಹಿಗ್ಗಿಸುತ್ತದೆ. ಅದನ್ನು ಆಫ್ ಮಾಡಿಡಿ.

ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಮ್ಯಾಗ್ನಸ್ ಎಂದು ಹುಡುಕಿ. ಇಂಗ್ಲಿಷ್ ಅಕ್ಷರ ಎಂ, ಎ, ಜಿ, ಎನ್, ಯು, ಎಸ್. ಪುಟ್ಟ ಪ್ರೋಗ್ರಾಂ, ದುಡ್ಡು ಕೊಡಬೇಕಿಲ್ಲ. ತೆರೆದರೆ ಒಂದು ಕಿಟಕಿ ಬರುತ್ತದೆ, ಮೌಸ್ ಎಲ್ಲಿದೆಯೋ ಅದರ ಸುತ್ತಲಿನ ಜಾಗ ಅದರೊಳಗೆ ದೊಡ್ಡದಾಗಿ ಕಾಣುತ್ತದೆ. ಆ ಕಿಟಕಿಯನ್ನು ಎಳೆದು ಮಾನಿಟರ್‌ಗೆ ಹಾಕಿ, ಪೂರ್ತಿ ಹರಡಿ. ಅಷ್ಟೇ. ಇನ್ನು ಲ್ಯಾಪ್‌ಟಾಪ್‌ನಲ್ಲಿ ಇಡೀ ಲೆಕ್ಕದ ಹಾಳೆ ಇದ್ದ ಹಾಗೇ ಇರುತ್ತದೆ, ಮಾನಿಟರ್‌ನಲ್ಲಿ ನಿಮ್ಮ ಮೌಸ್ ಇರುವ ತುಣುಕು ಮಾತ್ರ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎರಡು ಸ್ಕ್ರೀನ್ ಬೇರೆ ಬೇರೆಯಾಗಿರಬೇಕು, ಮಿರರ್ (ಎರಡರಲ್ಲೂ ಒಂದೇ ಚಿತ್ರ) ಆಗಿರಬಾರದು, ಇದನ್ನು ಮೊದಲು ನೋಡಿಕೊಳ್ಳಿ.

ಎಷ್ಟು ಪಟ್ಟು? 3ರಿಂದ ಶುರು ಮಾಡಿ. ನಿಮ್ಮ ಮಾನಿಟರ್ 1920×1080 ಆಗಿದ್ದರೆ 3 ಪಟ್ಟಿನಲ್ಲಿ ಲ್ಯಾಪ್‌ಟಾಪ್ ಸ್ಕ್ರೀನಿನ ಅರ್ಧಕ್ಕಿಂತ ತುಸು ಕಡಿಮೆ ಅಗಲ ಅದರಲ್ಲಿ ಹಿಡಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ 3 ಮಿ.ಮೀ. ಎತ್ತರ ಇದ್ದ ಅಕ್ಷರ ಅಲ್ಲಿ ಹತ್ತಿರ ಹತ್ತಿರ 1 ಸೆಂ.ಮೀ. ಆಗುತ್ತದೆ. ಅಂಕಿಗೆ 2 ಪಟ್ಟು ಸಾಕಾಗಬಹುದು. ಕನ್ನಡಕ್ಕೆ ಸಾಕಾಗುವುದಿಲ್ಲ, ಇದು ನಾನು ಅಮ್ಮನ ಜೊತೆ ಕೂತು ಕಂಡುಕೊಂಡದ್ದು. ನಮ್ಮ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ‘ಥ’ಕ್ಕೂ ‘ಧ’ಕ್ಕೂ ಒಳಗಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ, ‘ಪ’ ಮತ್ತು ‘ಫ’ಕ್ಕೆ ಕೆಳಗಿನ ಒಂದು ಸೀಳು. ಆ ಚುಕ್ಕೆ, ಆ ಸೀಳು ಬಿಡಿಸಿ ಕಾಣುವ ತನಕ ಹೆಚ್ಚಿಸಿ, ಅದಕ್ಕಿಂತ ಜಾಸ್ತಿ ಬೇಡ. ಸುಮ್ನೆ 5ಕ್ಕೆ ಹೋದರೆ ಮತ್ತೆ ಸಾಲು ಹುಡುಕುವ ಕೆಲಸ.

ಇನ್ನೊಂದು ಕಿರಿಕಿರಿ ಬರುತ್ತದೆ. ಮೌಸ್ ಜಾರಿ ಮಾನಿಟರ್ ಕಡೆಗೇ ಹೋಗಿಬಿಡುತ್ತದೆ, ಆಗ ನೀವು ಓದುತ್ತಿದ್ದ ಜಾಗ ತಪ್ಪಿ ಗಲಿಬಿಲಿಯಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ ಚೌಕವನ್ನು ಲ್ಯಾಪ್‌ಟಾಪ್‌ನ ಎಡಕ್ಕೆ ಎಳೆದಿಡಿ, ಮೇಜಿನ ಮೇಲೂ ಎಡಕ್ಕೇ ಇಡಿ. ಸ್ಕ್ರಾಲ್ ಪಟ್ಟಿ, ಕಿಟಕಿ ಮುಚ್ಚುವ ಗುಂಡಿ ಎರಡೂ ಬಲಗಡೆ ಇರುವುದರಿಂದ ಕೈ ಬಲದ ಅಂಚಿಗೇ ಹೆಚ್ಚು ಓಡುತ್ತದೆ. ಅಲ್ಲಿ ಗೋಡೆ ಇದ್ದಂತೆ ಮೌಸ್ ನಿಲ್ಲುತ್ತದೆ. ಬಾಣದ ಗುರುತನ್ನೂ ದೊಡ್ಡದು ಮಾಡಿಕೊಳ್ಳಿ, ಮೌಸ್ ಸೆಟ್ಟಿಂಗ್‌ನಲ್ಲೇ ಇದೆ.

ಲೆಕ್ಕದ ಹಾಳೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಗಳ ತಲೆಬರಹ ಬರೆದಿರುವ ಮೊದಲ ಸಾಲನ್ನು ಫ್ರೀಜ್ ಮಾಡಿ. ಲಿಬ್ರೆಆಫೀಸ್ ಕ್ಯಾಲ್ಕ್‌ನ ವ್ಯೂ ಮೆನುವಿನಲ್ಲಿ ಸಿಗುತ್ತದೆ. ನೂರನೇ ಸಾಲಿಗೆ ಹೋದರೂ ಲ್ಯಾಪ್‌ಟಾಪ್‌ನಲ್ಲಿ ತಲೆಬರಹ ಮೇಲೇ ನಿಂತಿರುತ್ತದೆ. ಪ್ರತಿ ಕಾಲಂಗೂ ಬೇರೆ ಬಣ್ಣ ತುಂಬಿ. ಮಾನಿಟರ್‌ನಲ್ಲಿ ಹಳದಿ ಕಂಡರೆ ರಾಶಿ, ಹಸಿರು ಕಂಡರೆ ಬೆಟ್ಟೆ. ಓದುವ ಮೊದಲೇ ಗೊತ್ತಾಗುತ್ತದೆ, ಅಂಚಿನ ನೋಟಕ್ಕೂ ಬಣ್ಣ ಸಿಗುತ್ತದೆ.

ಮಾನಿಟರ್ ಎಷ್ಟು ದೂರ ಇಟ್ಟಿದ್ದೀರಿ ಎಂದು ಬರೆದಿಲ್ಲ. 60 ಸೆಂ.ಮೀ. ದೂರದಿಂದ 30ಕ್ಕೆ ತಂದರೆ ಕಣ್ಣಿಗೆ ಅಕ್ಷರ ಎರಡು ಪಟ್ಟು ಆದ ಹಾಗೆ, ಯಾವ ಪ್ರೋಗ್ರಾಮೂ ಬೇಕಾಗಿಲ್ಲ! ಆದರೆ ಅಷ್ಟು ಹತ್ತಿರಕ್ಕೆ ನಿಮ್ಮ ಕನ್ನಡಕ ಹೊಂದಬೇಕು. ಕಣ್ಣಿನ ಡಾಕ್ಟರನ್ನು ಕೇಳುವಾಗ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಆ ದೂರಕ್ಕೇ ಗಾಜು ಬರೆದುಕೊಡಲು ಹೇಳಿ.

ಲಾಗಿನ್ ಆಗುವಾಗ ವೇಲ್ಯಾಂಡ್ (ಪರದೆಗೆ ಚಿತ್ರ ತರುವ ಹೊಸ ವ್ಯವಸ್ಥೆ) ಎಂಬ ಆಯ್ಕೆ ಕಂಡರೆ ಮುಟ್ಟಬೇಡಿ. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಚಿತ್ರವನ್ನು ಸುಲಭವಾಗಿ ನೋಡಲು ಬಿಡುವುದಿಲ್ಲ, ಮ್ಯಾಗ್ನಸ್ ಕೆಲಸ ಮಾಡುವುದಿಲ್ಲ. ಮಿಂಟ್ ತಾನಾಗಿ ಎಕ್ಸ್‌ಆರ್ಗ್ ಎಂಬ ಹಳೆಯ ವ್ಯವಸ್ಥೆಯಲ್ಲೇ ತೆರೆದುಕೊಳ್ಳುತ್ತದೆ. ಇನ್ನೊಂದು ಬಗೆಯ ಲಿನಕ್ಸ್ ಆದ ಉಬುಂಟು 24.04 ಇರುವವರು ಲಾಗಿನ್ ಪರದೆಯ ಚಕ್ರದ ಗುರುತು ಒತ್ತಿ ಎಕ್ಸ್‌ಆರ್ಗ್ ಆರಿಸಬೇಕು. ಉಬುಂಟು 25.10ರಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ, ಹಾಗಾಗಿ ಯಾರಾದರೂ ಹೊಸ ಉಬುಂಟು ಹಾಕಿಕೊಡುತ್ತೇವೆ ಎಂದರೆ ಇದನ್ನು ಹೇಳಿ ತಡೆಯಿರಿ.

ಪ್ರಶ್ನೆ: ಸಾಗರದಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದೆ. ಮನೆಯಲ್ಲಿರುವ ಹಳೆಯ ಮಾನಿಟರ್‌ಗೆ ನೀಲಿ ವಿಜಿಎ ಪಿನ್. ಸೇರಿಸಬಹುದೇ?

ಉತ್ತರ: ಸೇರಿಸಬಹುದು, ಸಾದಾ ಕೇಬಲ್‌ನಿಂದ ಆಗುವುದಿಲ್ಲ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್, ನಡುವೆ ಚಿಪ್ ಇರುವ ಕನ್ವರ್ಟರ್ ಬೇಕು. ಅಂಗಡಿಯಲ್ಲಿ ಎಚ್‌ಡಿಎಂಐ ಕಡೆಯಿಂದ ವಿಜಿಎ ಕಡೆಗೆ ಎಂದು ಸ್ಪಷ್ಟವಾಗಿ ಹೇಳಿ, ತಿರುಗಾ ಮುರುಗಾ ಇರುವುದೂ ಸಿಗುತ್ತದೆ. ಚಿತ್ರ ಪಕ್ಕಕ್ಕೆ ಸರಿದು ಕೂತರೆ ಮಾನಿಟರ್‌ನ ಆಟೋ ಗುಂಡಿ ಒತ್ತಿ.

ಪ್ರಶ್ನೆ: ರಿಪ್ಪನ್‌ಪೇಟೆಯಿಂದ. ಅಪ್ಪನಿಗೆ ಹೀಗೇ ಎರಡು ಸ್ಕ್ರೀನ್ ಮಾಡಿಕೊಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಾ ಇರುತ್ತದೆ, ಏನು ಎಚ್ಚರ ವಹಿಸಬೇಕು?

ಉತ್ತರ: ಮೋಡ ಕಟ್ಟಿ ಗುಡುಗು ಬರುವ ಹಾಗಿದ್ದರೆ, ಅದು ಶುರುವಾಗುವ ಮೊದಲೇ ಮಾನಿಟರ್ ಪ್ಲಗ್ ಕಿತ್ತುಬಿಡಿ, ಜೊತೆಗೆ ಎಚ್‌ಡಿಎಂಐ ಕೇಬಲ್ಲನ್ನೂ ಕೀಳಿ. ಇದನ್ನೇ ಎಲ್ಲರೂ ಮರೆಯುವುದು. ಸಿಡಿಲಿನ ಹೊಡೆತ ಮಾನಿಟರ್ ಮೂಲಕ ಆ ಕೇಬಲ್ ಹಿಡಿದು ಲ್ಯಾಪ್‌ಟಾಪ್‌ಗೆ ಬರಬಹುದು. ಚಾರ್ಜರ್ ಕೂಡ ಬೇಡ. ಬರೀ ಕರೆಂಟು ಹೋಗುವುದಾದರೆ ಮನೆಯ ಇನ್ವರ್ಟರ್ ಸಾಕು, ಎಲ್‌ಇಡಿ ಮಾನಿಟರ್ ಹೆಚ್ಚೇನೂ ಕರೆಂಟು ಎಳೆಯುವುದಿಲ್ಲ. ಮಾನಿಟರ್ ಆರಿದಾಗ ದೊಡ್ಡದು ಮಾಡುವ ಕಿಟಕಿ ಕೆಲವು ಸಲ ಲ್ಯಾಪ್‌ಟಾಪ್ ಮೇಲೆ ಬಂದು ಕೂತು ಎಲ್ಲವನ್ನೂ ಮುಚ್ಚುತ್ತದೆ. ಅಪ್ಪ ಗಾಬರಿಯಾಗಬಾರದು, ಆ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಆಲ್ಟ್ ಮತ್ತು ಎಫ್4 ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ ಎಂದು ಈಗಲೇ ನಾಲ್ಕು ಸಲ ಕೈಯಿಂದಲೇ ಒತ್ತಿಸಿ ಅಭ್ಯಾಸ ಮಾಡಿಸಿ. ಎಫ್4 ಕೀ ಮೇಲೆ ಉಬ್ಬಿದ ಒಂದು ಚುಕ್ಕೆ ಸ್ಟಿಕ್ಕರ್ ಅಂಟಿಸಿದರೆ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.